ವಿಲ್ಫ್ ಹಾಜೆಟ್ಸ್‌ನ ಮೂಗು

ಬರ್ಮಿಂಗ್‌ಹ್ಯಾಮಿನಲ್ಲಿ ಹಳೆಯ ಮೋಟಾರ್‌ಸೈಕಲ್ ಇಟ್ಟುಕೊಂಡವರು ವಿಲ್ಫ್ ಹಾಜೆಟ್ಸ್‌ನ ಮೂಗಿಗೆ ತೋರಿಸದೆ ಗೇರ್‌ಬಾಕ್ಸಿಗೆ ಎಣ್ಣೆ ಹಾಕುವುದಿಲ್ಲ. ಶನಿವಾರ ಬಂತೆಂದರೆ ಅವನ ಹಿತ್ತಲಿನ ಶೆಡ್ಡಿನ ಮುಂದೆ ಡಬ್ಬಿ ಹಿಡಿದವರ ಸಾಲು. ಡಬ್ಬಿಯ ಮೇಲೆ ಬರೆದದ್ದನ್ನು ಅವನು ಓದುವವನೇ ಅಲ್ಲ. ಚಿಂದಿ ಬಟ್ಟೆಗೆ ನಾಲ್ಕು ಹನಿ ಬಿಟ್ಟು, ಕಣ್ಣು ಮುಚ್ಚಿ ಮೂಸುತ್ತಾನೆ. "ಗಂಧಕ ಜಾಸ್ತಿ ಕಣಯ್ಯಾ, ಒಳಗಿನ ಹಿತ್ತಾಳೇನ ತಿಂದುಹಾಕತ್ತೆ," ಎನ್ನುತ್ತಾನೆ. "ಹಾಕಿದ್ದೆಲ್ಲ ಸೋರಿಹೋಗತ್ತಲ್ಲ ವಿಲ್ಫ್," ಎಂದು ಸಾಲಿನಲ್ಲಿ ಯಾರಾದರೂ ಅಂದರೆ, "ಸೋರೋದು ನಿಂತ ದಿನ ಒಳಗೆ ಎಣ್ಣೆ ಇಲ್ಲ ಅಂತ ತಿಳ್ಕೋ," ಎಂದು ಗದರುತ್ತಾನೆ. ಊರಿನ ಮೋಟಾರ್‌ಸೈಕಲ್ ಕಾರ್ಖಾನೆಗಳೆಲ್ಲ ಮುಚ್ಚಿಹೋದರೂ ಅವುಗಳ ವಾಸನೆ ಆ ಮೂಗಿನಲ್ಲಿ ಉಳಿದಿದೆಯೆಂದು ಎಲ್ಲರ ನಂಬಿಕೆ. ಆದರೆ ಹೋದ ಚಳಿಗಾಲದ ಜ್ವರದಿಂದೀಚೆಗೆ ವಿಲ್ಫ್‌ಗೆ ಯಾವ ವಾಸನೆಯೂ ತಿಳಿಯದು. ಅದು ಗೊತ್ತಿರುವುದು ಹೆಂಡತಿ ಡೋರೀನ್‌ಗೆ ಮಾತ್ರ. ಈಗ ಅವನು ಮೂಸಿದ ಮೇಲೆ, "ತಡಿ, ಯೋಚನೆ ಮಾಡ್ಬೇಕು, ಟೀ ಕುಡಿಯೋಣ," ಎಂದು ಬಟ್ಟೆಯನ್ನು ಅವಳ ಕೈಗೆ ಕೊಡುತ್ತಾನೆ, ಒಗೆಯಲು ಕೊಟ್ಟಂತೆ. ಮದುವೆಯಾದಾಗಿನಿಂದ ಅವನ ಅಂಗಿ ಒಗೆಯುತ್ತ ಅದರ ಎಣ್ಣೆ ನಾತಕ್ಕೆ ಶಾಪ ಹಾಕಿದವಳು ಅವಳು. "ಇದೇನಿದು ವಿಲ್ಫ್, ಕೊಳೆತ ಮೊಟ್ಟೆ ನಾತ," ಎಂದು ಎಂದಿನಂತೆ ಗೊಣಗಿದಳೋ, ಆ ಎಣ್ಣೆ ಬೇಡ. ಗೊಣಗದೆ ಟೀ ಬಗ್ಗಿಸಿದಳೋ, ಧಾರಾಳವಾಗಿ ಹಾಕಬಹುದು.