ಜಡೆಗೆ ಮಗ್ಗದ ಗಂಟು

"ಅಪ್ಪಾ, ಇದ ಮೇಷ್ಟ್ರ ಕೈಲೂ ಬಿಚ್ಚಕಾಗ್ನಿಲ್ಲ!" ಶಾಲೆಯಿಂದ ಬಂದ ಎಂಟು ವರ್ಷದ ಮಗಳು ಜಡೆ ಎತ್ತಿ ತೋರಿಸಿದಳು.

ಹೆಂಡತಿ ತೀರಿಕೊಂಡ ಮೇಲೆ ಜಡೆ ಹೆಣೆಯುವುದು ನನ್ನ ಪಾಲಿಗೆ ಬಂದಿತ್ತು. ನಾನು ಕಟ್ಟಿದ ಟೇಪು ಬೀದಿ ತಿರುಗುವಷ್ಟರಲ್ಲಿ ಬಿಚ್ಚಿಹೋಗುತ್ತಿತ್ತು. "ಅವ್ವ ಕಟ್ದಂಗಿಲ್ಲ" ಎಂದು ಅವಳಿಗೆ ದಿನಾ ಬೆಳಿಗ್ಗೆ ಅಳು. ಎಷ್ಟಾದರೂ ನಾನು ಕೊಳ್ಳೇಗಾಲದ ರೇಷ್ಮೆ ನೇಕಾರ. ಅವತ್ತು ರೋಸಿಹೋಗಿ, ಮಗ್ಗದಲ್ಲಿ ಹರಿದ ಎಳೆಗೆ ಹಾಕುವ ಗಂಟನ್ನೇ ಟೇಪಿಗೂ ಹಾಕಿ ಕಳಿಸಿದ್ದೆ. ಎಳೆದಷ್ಟೂ ಬಿಗಿಯುವ ಗಂಟು ಅದು.

ಉಗುರು, ಹಲ್ಲು ಎರಡೂ ಸೋತ ಮೇಲೆ ಕತ್ತರಿ ತಂದೆ. ಅವಳು ಎರಡೂ ಕೈಯಲ್ಲಿ ಜಡೆ ಮುಚ್ಚಿಕೊಂಡು, "ಬ್ಯಾಡ ಕಣಪ್ಪಾ, ಇದಾದ್ರೂ ನನ್ನ ಬುಟ್ಟೋಗಲ್ಲ" ಎಂದಳು.

ನಾಳೆಯೂ ಇದೇ ಗಂಟು ಹಾಕುತ್ತೇನೆ ಎಂದು ಮಾತು ಕೊಟ್ಟ ಮೇಲೆ ಕೈ ತೆಗೆದಳು. ಈಗ ದಿನವೂ ಅದೇ ಗಂಟು, ಸಂಜೆ ಅದೇ ಕತ್ತರಿ. ಟೇಪು ದಿನಕ್ಕೊಂದು ಅಂಗುಲ ಮೋಟಾಗುತ್ತಿದೆ. ಬೆಳಗಿನ ಅಳುವೂ ಹಾಗೆಯೇ.