ಬಾಣಂತಿಯ ಸಾಮಾನು

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಹತ್ತನೇ ತರಗತಿಯ ಸಂತಾನೋತ್ಪತ್ತಿಯ ಪಾಠಕ್ಕೆ ಮುಸಿಮುಸಿ ನಗುವ ಹುಡುಗರನ್ನು ಎಬ್ಬಿಸಿ ನಿಲ್ಲಿಸಿ, “ಇದರಾಗ ನಾಚಿಕೊಳ್ಳೋದೇನೈತಿ?” ಎಂದು ಗದರಿಸುವವನೂ ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದೆಲ್ಲ ನನ್ನ ಮಾನ ಕಳೆಯುವ ಮಾತು.

ಹೆಂಡತಿ ಸುಜಾತಾ ಚೊಚ್ಚಲ ಹೆರಿಗೆಗೆಂದು ಗುರುಗುಂಟಾದ ತವರಿಗೆ ಹೋಗಿದ್ದಳು. ನಾನು ಮಸ್ಕಿಯ ಬಾಡಿಗೆ ಮನೆಯಲ್ಲಿ ಒಬ್ಬನೇ ಕೂತು, ಕೂಸು ಬರುವ ಮುನ್ನ ಏನೇನು ಕೊಳ್ಳಬೇಕೆಂದು ಮೊಬೈಲಿನಲ್ಲಿ ವಿಡಿಯೊ ನೋಡುತ್ತಿದ್ದೆ. ಅವುಗಳ ಪ್ರಕಾರ ಕೂಸೆಂದರೆ ಮದುವೆಯಾಗಿ ಹೊಸ ಮನೆ ಹೂಡಲು ಬರುವ ಗೃಹಸ್ಥ. ಹಾಸಿಗೆ, ಪಾತ್ರೆ, ವಾಹನ ಎಲ್ಲವೂ ಬೇಕು. ಫೋನಿನಲ್ಲಿ ವರದಿ ಒಪ್ಪಿಸಿದಾಗ ಸುಜಾತಾ ಅರ್ಧಕ್ಕೇ ತಡೆದಳು.

“ಕೂಸಿಗೆ ಏನೂ ಬ್ಯಾಡ್ರಿ. ಹುಟ್ಟೋಕಿಂತ ಮೊದ್ಲ ತರಬಾರ್ದು ಅಂತಾಳ ಅವ್ವ. ಅಕ್ಕನ ಮಕ್ಕಳ ಹಳೆ ಅಂಗಿ ಒಗೆದಿಟ್ಟಾಳ. ನನಗ ಎರಡ ಸಾಮಾನ ತರ್ರಿ. ಮುಂದ ಜಿಪ್ ಇರೋ ನೈಟಿ, ಮತ್ತ ಹೆರಿಗಿ ಆದಮ್ಯಾಲ ಹಾಕ್ಕೊಳ್ಳೋ ದೊಡ್ಡ ಪ್ಯಾಡು. ದವಾಖಾನಿ ಚೀಲದಾಗ ಇರಬೇಕು.”

“ಅಷ್ಟ ಅಲ್ಲೇನು?” ಎಂದೆ, ಶೂರನಂತೆ.

ಮಸ್ಕಿಯಲ್ಲಿ ಕೊಳ್ಳುವಂತಿರಲಿಲ್ಲ. ಇಲ್ಲಿಯ ಅಂಗಡಿಯವರೆಲ್ಲ ನನ್ನ ವಿದ್ಯಾರ್ಥಿಗಳ ಅಪ್ಪಂದಿರು. ಹಿಂದೆ ಒಬ್ಬ ಚಕ್ರವರ್ತಿ ತನ್ನ ಹೆಸರನ್ನೂ ಮನಸ್ಸಿನ ಮಾತನ್ನೂ ಎಲ್ಲರೂ ಓದಲೆಂದು ಬಂಡೆಗೆ ಕೊರೆಸಿ ಹೋದ ಊರು ನಮ್ಮದು. ಆ ಊರಿನಲ್ಲಿ ಒಂದು ಪ್ಯಾಡಿನ ಹೆಸರನ್ನು ಬಾಯಿಬಿಟ್ಟು ಹೇಳಲು ನನಗೆ ಧೈರ್ಯವಿರಲಿಲ್ಲ. ಭಾನುವಾರ ಸಿಂಧನೂರಿನ ಬಸ್ಸು ಹತ್ತಿದೆ. ದೊಡ್ಡ ಪೇಟೆ, ಗುರುತಿನವರಿಲ್ಲ.

ಬಟ್ಟೆ ಅಂಗಡಿಯ ನೈಟಿ ವಿಭಾಗದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಹುಡುಗಿ ಈ ಕಡೆ ತಿರುಗಿದಳು. “ನಮಸ್ಕಾರ್ರಿ ಸರ! ಗುರುತು ಸಿಗಲಿಲ್ಲೇನ್ರಿ? ನೀವು ಮೊದ್ಲಿದ್ದ ಸಂತೆಕಲ್ಲೂರು ಸಾಲ್ಯಾಗ ನಿಮ್ಮ ಕಡೀನ ಕಲ್ತಾಕಿ. ಏನ್ ತೋರಸ್ಲಿರಿ?”

“ಟವೆಲ್,” ಎಂದೆ.

ಅವಳು ಗುರುಭಕ್ತಿಯಿಂದ ಅಂಗಡಿಯ ಟವೆಲ್ಲುಗಳನ್ನೆಲ್ಲ ಕೆಳಗಿಳಿಸಿದಳು. ಒಂದು ಕಟ್ಟು ಹೊತ್ತುಕೊಂಡು ಮೆಡಿಕಲ್ ಶಾಪಿಗೆ ಹೋದೆ. ಅಲ್ಲಿ ಜನವೋ ಜನ. ಹಿಂದೆ ಸರಿದಷ್ಟೂ ಜನ ನನ್ನನ್ನೇ ಮುಂದೆ ತಳ್ಳಿದರು. ನನ್ನ ಸರದಿ ಬಂದಾಗ ಬಾಯಿ ತೆರೆದರೆ ಕೆಮ್ಮು ಬಂತು. ಅಂಗಡಿಯವ ಕೆಮ್ಮಿನ ಔಷಧಿಯನ್ನು ಕೈಗಿಟ್ಟ. ನಾನು ಇಸಿದುಕೊಂಡೆ.

ಗುರುಗುಂಟಾಕ್ಕೆ ಬರಿಗೈಯಲ್ಲಿ ಹೋಗುವುದು ಹೇಗೆ? ಪಾಪಪ್ರಜ್ಞೆಯಷ್ಟು ದುಂದುಗಾರ ಇನ್ನೊಬ್ಬನಿಲ್ಲ. ಗುಲಾಬಿ ಬಣ್ಣದ ಟಬ್ಬು, ಸೊಳ್ಳೆಪರದೆ, ಗಿಲಕಿ, ಕೊನೆಗೆ ನಡೆಯಲು ಕಲಿಸುವ ವಾಕರನ್ನೂ ಕೊಂಡೆ. ಬಸ್ಸಿನಲ್ಲಿ ಟಬ್ಬನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದ ಮುದುಕಿ ಅಕ್ಕರೆಯಿಂದ ಕೇಳಿದಳು: “ಗಂಡೋ ಹೆಣ್ಣೋ, ಯಪ್ಪಾ?”

“ಇನ್ನೂ ಆಗಿಲ್ಲಬೇ ಯವ್ವಾ.”

ಆಕೆ ವಾಕರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕಿಟಕಿಯ ಕಡೆ ಮುಖ ಮಾಡಿದಳು.

ಗುರುಗುಂಟಾದಲ್ಲಿ ಸುಜಾತಾ ಚೀಲ ಬಿಚ್ಚಿದಳು. “ವಾಕರ್ ಯಾಕ್ರಿ? ಹುಟ್ಟಿದ ದಿನಾನ ಓಡತೈತೇನು?” ಎಂದು ನಕ್ಕಳು. ಈಗ ಮಗಳು ಹುಟ್ಟಿ ತಿಂಗಳಾಯಿತು, ಆ ವಾಕರ್ ಇನ್ನೂ ಅಟ್ಟದ ಮೇಲೇ ಇದೆ. ಅವತ್ತು ನಗು ಮುಗಿಸಿ, ಚೀಲದ ತಳ ತಡವಿ ಸುಜಾತಾ ಕೇಳಿದಳು: “ನಾ ಹೇಳಿದ್ದು?”

“ಸಿಗಲಿಲ್ಲ.”

“ಸಿಂಧನೂರಾಗ?”

ನಾನು ಗಿಲಕಿಯನ್ನು ಪರೀಕ್ಷಿಸತೊಡಗಿದೆ. ಅದು ಗಿಲಗಿಲ ಸದ್ದು ಮಾಡಿತು. ಸುಜಾತಾಳಿಗೆ ತಿಳಿದುಹೋಯಿತು. ಬೈದಿದ್ದರೆ ಬದುಕುತ್ತಿದ್ದೆ. ಅವಳು ಬೈಯಲಿಲ್ಲ, “ಇರಲಿ ಬಿಡ್ರಿ” ಎಂದಳು.

ಅತ್ತೆ ಒಳಗಿನಿಂದ ಹಳೆಯ ನೂಲಿನ ಸೀರೆಯೊಂದನ್ನು ತಂದರು. ತಾಯಿ ಒಂದು ತುದಿ ಹಿಡಿದರು, ತುಂಬು ಬಸುರಿ ಮಗಳು ಇನ್ನೊಂದು ತುದಿ. “ನಮ್ಮ ಕಾಲಕ್ಕ ಇದ ಇತ್ತವಾ, ನಡೀತೈತಿ” ಎನ್ನುತ್ತ ಅತ್ತೆ ಸೀರೆಯನ್ನು ಪರ್ರನೆ ಹರಿದರು. ಗುರುತು ಪರಿಚಯವಿಲ್ಲದವರ ನಡುವೆ ಮಲಗಿ ಹೆರಲು ಹೊರಟವಳು ಅವಳು. ಅವಳಿಗಾಗಿ ಅಂಗಡಿಯಲ್ಲಿ ಒಂದು ಶಬ್ದವನ್ನು ಹೆರಲು ನನ್ನಿಂದ ಆಗಿರಲಿಲ್ಲ. ಮತ್ತೊಮ್ಮೆ ಸೀರೆ ಹರಿಯುವಷ್ಟರಲ್ಲಿ ಮಾವನ ಬೈಕಿನ ಕೀಲಿ ನನ್ನ ಕೈಯಲ್ಲಿತ್ತು.

ಲಿಂಗಸುಗೂರಿನ ಮೆಡಿಕಲ್ ಶಾಪಿನಲ್ಲೂ ಜನವಿತ್ತು. ಮೆಲ್ಲಗೆ ಕೇಳಬೇಕೆಂದೇ ಬಾಯಿ ತೆರೆದೆ. ಬಂದದ್ದು ಹಿಂದಿನ ಬೆಂಚಿಗೂ ಕೇಳುವ ಪಾಠದ ದನಿ. “ಹೆರಿಗಿ ಆದಮ್ಯಾಲ ಹಾಕೋ ದೊಡ್ಡ ಪ್ಯಾಡ್ ಕೊಡ್ರಿ!”

ಎಲ್ಲರೂ ತಿರುಗಿದರು. ನನ್ನ ಕಿವಿ ಕಾದ ಹೆಂಚಾಯಿತು. “ಕೊಡ್ತೀನ್ರೀ ಸರ, ಒದರಬ್ಯಾಡ್ರಿ” ಎಂದು ಅಂಗಡಿಯವರು ಪೊಟ್ಟಣವನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಬಿಳಿ ಮೀಸೆಯ, ಪಟಕಾ ಸುತ್ತಿದ ಹಿರಿಯರೊಬ್ಬರು ಕೈಯಲ್ಲಿದ್ದ ನೋವಿನ ಮುಲಾಮನ್ನು ಕೌಂಟರಿನ ಮೇಲೆ ಮೆಲ್ಲಗೆ ವಾಪಸ್ಸಿಟ್ಟರು.

“ಇದು ಬ್ಯಾಡ್ರಿ. ನನಗೂ ಅದ ಕೊಡ್ರಿ, ಆ ಸರಗ ಕೊಟ್ಟದ್ದು.”

ಹೊರಗೆ ಬಂದ ಮೇಲೆ ನನ್ನ ಮುಖ ನೋಡದೆ ಹೇಳಿದರು: “ಮಗಳಿಗ್ರಿ. ದವಾಖಾನ್ಯಾಗ ಅದಾಳ. ಅಕಿಗೆ ಅವ್ವ ಇಲ್ಲ. ಮುಂಜಾನಿಂದ ಅಂಗಡಿ ಅಂಗಡಿ ಅಡ್ಡಾಡಿ ಮುಲಾಮ ತಗೊಳ್ಳಾಕತ್ತೀನಿ.”

ನನ್ನ ಕೆಮ್ಮಿನ ಔಷಧಿಯ ಕತೆ ಹೇಳಿದೆ. ಅವರ ಮೀಸೆ ಅಲುಗಿತು.

“ನೈಟಿನೂ ಬೇಕಂದಾಳ್ರಿ,” ಎಂದರು ಇನ್ನೂ ಸಣ್ಣ ದನಿಯಲ್ಲಿ.

“ನಾನೂ ಅದಕ್ಕ ಹೊಂಟೀನಿ. ಬರ್ರಿ.”

ಬಟ್ಟೆ ಅಂಗಡಿಯ ಮೆಟ್ಟಿಲ ಬಳಿ ಇಬ್ಬರೂ ನಿಂತೆವು. “ನೀವು ಕಲ್ತವರು, ನೀವ ಕೇಳ್ರಿ” ಎಂದರು ಅವರು. “ನೀವು ಹಿರಿಯರು, ನೀವ ಕೇಳ್ರಿ” ಎಂದೆ ನಾನು. ಒಳಗಿದ್ದ ಹೆಣ್ಣುಮಗಳು ಸ್ವಲ್ಪ ಹೊತ್ತು ನೋಡಿ, ತಾನೇ ಬಾಗಿಲಿಗೆ ಬಂದಳು. “ಯಾರಿಗ ಬೇಕ್ರಿ, ಏನ್ ಬೇಕ್ರಿ?”

ನಾವಿಬ್ಬರೂ ಒಟ್ಟಿಗೇ ಬಾಯಿ ತೆರೆದೆವು, ಸಂತೆಯಲ್ಲಿ ಕೂಗಿದಷ್ಟು ಜೋರಾಗಿ.