ಬಾಣಂತಿಯ ಕಬ್ಬಿಣ

ಮೊದಲ ಬಾಣಂತನ ಮುಗಿಸಿಕೊಂಡು ನಾನು ಸೋಸಲೆಯ ತವರಿನಿಂದ ನಂಜನಗೂಡಿನ ಗಂಡನ ಮನೆಗೆ ಹೊರಟದ್ದು ತೊಂಬತ್ತರ ದಶಕದ ಒಂದು ಬೆಳಿಗ್ಗೆ. ಬಾಣಂತಿ ಹೊಳೆ ದಾಟುವಾಗ ಜೊತೆಯಲ್ಲಿ ಕಬ್ಬಿಣ ಇರಬೇಕು, ಇಲ್ಲದಿದ್ದರೆ ಗಾಳಿ ಸೋಕುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ. ಮೂರು ತಿಂಗಳು ನನ್ನ ದಿಂಬಿನ ಕೆಳಗಿದ್ದ, ಅಪ್ಪನ ಮಡಚುವ ಚೂರಿಯನ್ನೇ ಅವ್ವ ಮಗುವಿನ ಬಟ್ಟೆಗಂಟಿನೊಳಗೆ ಇಟ್ಟರು. ನನ್ನ ಕಣ್ಣೆದುರೇ ಇಟ್ಟರು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಜೊತೆಗೆ ಬಂದದ್ದು ಮಗುವಿಗೆ ಎರೆಯಲು ಮನೆಗೆ ಬರುತ್ತಿದ್ದ ಅಜ್ಜಿ. ದಿನವೂ ನಮ್ಮಿಬ್ಬರಿಗೂ ಎಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕಿದವರು. ಮಗು ನನ್ನ ತೋಳಿನಲ್ಲಿ, ಗಂಟು ಅವರ ಕಂಕುಳಲ್ಲಿ.

ನರಸೀಪುರದಲ್ಲಿ ಬಸ್ ಬದಲಾಯಿಸಬೇಕು. ಅಲ್ಲಿ ಏನೋ ಗಲಾಟೆಯಾಗಿ ನಿಷೇಧಾಜ್ಞೆ ಹಾಕಿದ್ದರು. ಚಾಕು, ಚೂರಿ, ಮಾರಕಾಸ್ತ್ರ ಇಟ್ಟುಕೊಂಡು ಓಡಾಡಿದರೆ ಕ್ರಮ ಕೈಗೊಳ್ಳುತ್ತೇವೆಂದು ಆಟೋದ ಮೈಕಿನಲ್ಲಿ ಸಾರುತ್ತಿದ್ದರು. ನಾನೂ ಕೇಳಿಸಿಕೊಂಡೆ. ಅದು ಹೊಡೆದಾಡುವವರಿಗೆ ಹೇಳುವ ಮಾತು ಅಂದುಕೊಂಡೆ. ನಮ್ಮ ಗಂಟಿನಲ್ಲಿದ್ದದ್ದು ನನ್ನ ಮಟ್ಟಿಗೆ ಚೂರಿಯಾಗಿರಲೇ ಇಲ್ಲ, ಬರೀ ಕಬ್ಬಿಣ.

ನಂಜನಗೂಡು ಬಸ್ಸಿನ ಬಾಗಿಲಲ್ಲಿ ಮಹಿಳಾ ಪೇದೆಯೊಬ್ಬರು ಚೀಲಗಳನ್ನು ನೋಡುತ್ತಿದ್ದರು. ಗಂಟು ಬಿಚ್ಚಿದರು. ಕುಲಾವಿ, ಬಜೆಬೇರು, ಅದರಡಿ ಚೂರಿ.

"ಇದ್ಯಾರ್ದಮ್ಮ?"

ಜನ ತಿರುಗಿ ನೋಡಿದರು. ಗಂಡನ ಮನೆಯ ಬೀದಿಯವರೊಬ್ಬರು ಬಸ್ಸಿನೊಳಗೇ ಕೂತಿದ್ದರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಅವಳ್ದು."

ಅಜ್ಜಿದು ಎನ್ನಲೂ ಇಲ್ಲ. ಈಗ ಅವರು, ಇವರು ಎಂದು ಬರೆಯುತ್ತಿದ್ದೇನಲ್ಲ, ಅದು ಆಮೇಲೆ ಕಲಿತದ್ದು. ಹಿತ್ತಿಲ ಬಾಗಿಲಲ್ಲೇ ಬಂದುಹೋಗುತ್ತಿದ್ದವರ ಮೇಲೆ ತಪ್ಪು ಹೊರಿಸಲು ನನ್ನ ನಾಲಿಗೆ ತಡವರಿಸಲಿಲ್ಲ.

ಅಜ್ಜಿ ನನ್ನನ್ನು ನೋಡಿದರು, ಮಗುವನ್ನು ನೋಡಿದರು. "ಊಂ ಕಣವ್ವ, ನಂದೇಯ. ಅಡಕೆ ಕತ್ರಿಸೋಕ್ ಮಡಿಕ್ಕಂಡಿದ್ದೆ," ಅಂದರು. ಅವರನ್ನು ಸ್ಟೇಷನ್ನಿಗೆ ನಡೆಸಿಕೊಂಡು ಹೋದರು. ನಾನು ಗಂಟು ಎತ್ತಿಕೊಂಡು ಬಸ್ ಹತ್ತಿದೆ. ಸೀಟು ಸಿಕ್ಕಿತು, ಮಗು ಅಳಲಿಲ್ಲ, ಯಾರೂ ಏನೂ ಕೇಳಲಿಲ್ಲ. ಅಷ್ಟಕ್ಕೆಲ್ಲ ನಂಜುಂಡಪ್ಪನಿಗೆ ಕೈ ಮುಗಿದೆ. ದೇವರಿಗೆ ಕೈ ಮುಗಿದು ನಾಚಿಕೆಪಟ್ಟದ್ದು ಅದೊಂದೇ ಸಲ, ಆ ನಾಚಿಕೆಯೂ ಬಂದದ್ದು ವರ್ಷಗಳ ಮೇಲೆ.

ಅವ್ವನ ಹತ್ತಿರ ಅಜ್ಜಿ, ಚೂರಿ ಹೊಳೆಗೆ ಬಿತ್ತು ಎಂದಷ್ಟೇ ಹೇಳಿದ್ದರು. ನಾನೂ ಸುಮ್ಮನಾದೆ. ಮಗಳು ಹೈಸ್ಕೂಲು ಸೇರಿದ ವರ್ಷ ಸೋಸಲೆಗೆ ಹೋದಾಗ, ಒಂದು ಸೀರೆ ಹಿಡಿದು ಮೊದಲ ಸಲ ಅವರ ಕೇರಿಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ಕಣ್ಣು ಮಂಜಾಗಿತ್ತು, ದನಿಯಲ್ಲೇ ಗುರುತು ಹಿಡಿದರು.

"ಅವತ್ತು ನಿಮ್ಗೆ ಅನ್ಯಾಯ ಮಾಡ್ಬಿಟ್ಟೆ," ಅಂದೆ.

ನಿಮ್ಗೆ ಅಂದದ್ದು ಯಾರಿಗೆ ಎಂದು ಅವರು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ಆಮೇಲೆ ನಕ್ಕರು. ಸಾಯಂಕಾಲದವರೆಗೆ ಸ್ಟೇಷನ್ನಿನ ಮೂಲೆಯಲ್ಲಿ ಕೂರಿಸಿದ್ದರಂತೆ. ಕೊನೆಗೆ ಆ ಪೇದೆಗೆ ಗಂಟಿನಲ್ಲಿ ಕಂಡ ಬಜೆಬೇರು ನೆನಪಾಗಿ, ಇದು ಬಾಣಂತಿ ಕಬ್ಬಿಣವಾ, ಅಲ್ಲೇ ಹೇಳಿದ್ದರೆ ಅಲ್ಲೇ ಬಿಡುತ್ತಿದ್ದೆನಲ್ಲ ಎಂದು ಬೈದು ಕಳಿಸಿದರಂತೆ. ಅಂದರೆ ನಾನು ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ.

"ಮತ್ತೆ ನೀವ್ಯಾಕೆ ಹೇಳ್ಲಿಲ್ಲ?"

"ನಿಂದು ಅಂದ್ರೆ ನಿನ್ನೇ ಕೂರುಸ್ತಾರೆ ಅನ್ಕಂಡೆ. ಎದ್ರುಕಂಡ್ರೆ ಆಲು ಬತ್ತೋಯ್ತದೆ ಕಣವ್ವ. ಕೂಸು ಏನ್ ಕುಡಿಯದು?"

ಸೀರೆಯನ್ನು ತಡವಿ ನೋಡಿ ಪಕ್ಕಕ್ಕಿಟ್ಟರು. ಹೊರಡುವಾಗ ಬಾಯಾರಿಕೆ ಎಂದೆ. ಒಳಗೆ ನೀರಿದೆ ಎಂದು ಅವರು ಹೇಳಲಿಲ್ಲ. ತಮ್ಮ ಮನೆಯ ನೀರು ನಾನು ಕುಡಿಯುವವಳಲ್ಲ ಎಂದುಕೊಂಡು, ಬೀದಿಯ ನಲ್ಲಿಯ ಕಡೆ ಕೈ ತೋರಿಸಿದರು. ಇಲ್ಲೇ ಕೊಡಿ ಎನ್ನಬಹುದಿತ್ತು. ನಾನು ನಲ್ಲಿಯ ಕಡೆಗೇ ನಡೆದೆ.